ಬ್ರೋಕರ್ ಬೇಡ ಅಂದವನ ಮನೆ ಹುಡುಕಾಟ

ಬ್ರೋಕರ್ ಬೇಕೋ ಬೇಡವೋ ಅಂತ ಗಂಡ ಹೆಂಡತಿ ಚರ್ಚೆಗೆ ಕೂತರೆ ಮನೆ ಸಿಗುತ್ತೋ ಇಲ್ಲವೋ, ನಗೆಪಾಟಲಂತೂ ತಪ್ಪಲ್ಲ. ನಮ್ಮದು ಮೈಸೂರಲ್ಲೇ ಏಳು ಬಾಡಿಗೆ ಮನೆ ಕಂಡ ಸಂಸಾರ. ನಮ್ಮಾಕೆಗೆ ಹೃದಯದ ತೊಂದರೆ, ಡಾಕ್ಟರು ಮೆಟ್ಟಿಲು ಹತ್ತಲೇಬೇಡಿ ಅಂದಿದ್ದರು. ಅವಳಿಗಿದ್ದದ್ದು ಒಂದೇ ಆಸೆ. ಯಾವ ಓನರನ್ನೂ ಕೇಳದೆ ಗೋಡೆಗೆ ಒಂದು ಮೊಳೆ ಹೊಡೀಬೇಕು.

"ಯಾರಾದ್ರೂ ಬ್ರೋಕರ್ ಹಿಡೀರಿ, ಬೇಗ ಆಗ್ಲಿ" ಅನ್ನೋಳು. ನಾನು ಶಾಲೆಯೊಂದರ ಗುಮಾಸ್ತ, ಹುಟ್ಟು ಜುಗ್ಗ. "ಮನೆ ನೋಡೋಕೆ ನನಗೇನು ಕಣ್ಣಿಲ್ವಾ?" ಅಂದೆ.

೧. ಪ್ರವೇಶವಿಲ್ಲ

ವಿಜಯನಗರದ ಒಂದು ಗೇಟಿನ ಮೇಲೆ ಬೋರ್ಡಿತ್ತು: "ಮನೆ ಮಾರಾಟಕ್ಕಿದೆ. ಬ್ರೋಕರ್‌ಗಳಿಗೆ ಪ್ರವೇಶವಿಲ್ಲ." ನನಗಂತೂ ಹಾಲು ಕುಡಿದಷ್ಟು ಸಂತೋಷ. ನಮ್ಮಾಕೆಯನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ಬೆಲ್ ಒತ್ತಿದೆ. ಓನರ್ ಹೊರಗೆ ಬಂದು ನನ್ನ ಕಂಕುಳ ಫೈಲು, ಕೈಯ ಹೆಲ್ಮೆಟ್ಟು ನೋಡಿದವರೇ, "ಬೋರ್ಡ್ ಓದೋಕೆ ಬರಲ್ವೇನ್ರೀ? ಆಯಮ್ಮ ಒಳಗೆ ಬರ್ಲಿ, ನೀವು ಆಚೆ ನಿಲ್ಲಿ" ಅಂದರು. ಆಮೇಲೆ ನಮ್ಮಾಕೆಯನ್ನ ಮೆಲ್ಲಗೆ ಕೇಳಿದರಂತೆ: "ಈ ಬ್ರೋಕರಿಗೆ ಎಷ್ಟು ಕೊಡ್ತಿದ್ದೀರಮ್ಮ?"

"ಮೂರು ಹೊತ್ತು ಊಟ ಹಾಕ್ತಿದ್ದೀನಿ ಸಾರ್" ಅಂದಳಂತೆ ಇವಳು.

೨. ಮೆಟ್ಟಿಲಿಲ್ಲದ ಮನೆ

ಅವಳ ಕಾಟಕ್ಕೆ ಒಂದೇ ಒಂದು ಸಲ ಬ್ರೋಕರ್ ಹಿಡಿದೆ. "ಮೆಟ್ಟಿಲು ಇರಬಾರದು ನೋಡಪ್ಪ" ಅಂತ ಒತ್ತಿ ಒತ್ತಿ ಹೇಳಿದ್ದೆ. ಶ್ರೀರಾಂಪುರಕ್ಕೆ ಕರ್ಕೊಂಡು ಹೋಗಿ ಮೊದಲನೇ ಮಹಡಿಗೆ ಕೈ ತೋರಿಸಿದ. ಗೋಡೆಗೆ ಒಂದು ಏಣಿ ಒರಗಿಸಿತ್ತು.

"ಇದೇನಯ್ಯಾ?"

"ನೀವೇ ಹೇಳಿದ್ರಲ್ಲ ಸಾರ್. ಇನ್ನೂ ಕಟ್ಟೇ ಇಲ್ಲ ನೋಡಿ."

ನಮ್ಮಾಕೆ ಮರಳ ಗುಡ್ಡೆ ಮೇಲೆ ಕೂತು ನಕ್ಕಳು. ನಕ್ಕೂ ನಕ್ಕೂ ಉಸಿರು ಮೇಲಕ್ಕೆ ಹತ್ತಿ ತುಟಿ ನೀಲಿಗಟ್ಟಿತು. ಕೈಲಿದ್ದ ಫೈಲಿಂದಲೇ ಗಾಳಿ ಬೀಸಿದೆ. ಸುಧಾರಿಸಿಕೊಂಡ ಮೇಲೆ, "ಪಾಪ, ಒಳ್ಳೇ ಮನುಷ್ಯ ಕಣ್ರೀ. ಇನ್ನೊಂದು ಮನೆ ತೋರಿಸೋಕೆ ಹೇಳಿ" ಅಂದಳು. ನಾನು ಅವನ ನಂಬರನ್ನೇ ಅಳಿಸಿಬುಟ್ಟೆ.

೩. ಬರ್ತೀನಿ

ಕೊನೆಗೆ ಒಂಟಿಕೊಪ್ಪಲಿನಲ್ಲಿ ನಾನೇ ಒಂದು ಮನೆ ಹುಡುಕಿದೆ. ನೆಲಮಟ್ಟದ್ದು, ಹೊಸಲು ದಾಟಿದರೆ ಹಜಾರ. ಓನರ್ ಒಬ್ಬರು ಹೆಂಗಸು, ತಂಗಿ ಮನೆ ಹತ್ತಿರ ಇರೋಣ ಅಂತ ಮಾರುತ್ತಿದ್ದರು. ನಮ್ಮಾಕೆ ಗೋಡೆ ಸವರಿ ಸವರಿ ನೋಡಿದಳು. ಅವರು ಕಾಫಿ ಕೊಟ್ಟರು, ಹೊರಡುವಾಗ ಕುಂಕುಮ ಕೊಟ್ಟರು. ಕುಂಕುಮ ಇಟ್ಟುಕೊಂಡು ಇವಳು "ಬರ್ತೀನಿ ಕಣ್ರೀ" ಅಂದಳು. ನಮ್ಮ ಕಡೆ ಹೊಸಲಲ್ಲಿ ನಿಂತು "ಹೋಗ್ತೀನಿ" ಅಂತ ಯಾರೂ ಅನ್ನಲ್ಲವಲ್ಲ.

ಮಧ್ಯೆ ಒಬ್ಬ ಬ್ರೋಕರ್ ಇದ್ದಿದ್ದರೆ ಅವತ್ತೇ ಮಾತು ಮುಗಿಸಿರೋನು. ನಾನು ಮಹಾ ಬುದ್ಧಿವಂತ. "ಹದಿನೈದು ದಿನ ಫೋನ್ ಮಾಡ್ಬೇಡ. ಸುಮ್ನಿದ್ರೆ ಅವರೇ ರೇಟಲ್ಲಿ ಇಳೀತಾರೆ" ಅಂದೆ. ಅವಳು ದಿನಾ ಕೇಳೋಳು, "ಇವತ್ತು ಮಾಡ್ಲಾ?" ನಾನು ತಡೆಯೋನು. ಹನ್ನೆರಡನೇ ದಿನ ಅಡುಗೆಮನೆಯಲ್ಲಿ ನಿಂತಂಗೇ ಕುಸಿದಳು. ಆಸ್ಪತ್ರೆ ಮುಟ್ಟೋದರೊಳಗೆ ಎಲ್ಲ ಮುಗಿದಿತ್ತು. ನನ್ನ ಜಾಣತನಕ್ಕೆ ಬೆಂಕಿ ಬೀಳ.

ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಆ ಓನರೇ ಫೋನ್ ಮಾಡಿದರು.

"ನಿಮ್ಮನೆಯವರು ಬರ್ತೀನಿ ಅಂದಿದ್ರು. ಅದಕ್ಕೇ ಬೇರೆ ಯಾರಿಗೂ ಮನೆ ತೋರಿಸಿಲ್ಲ. ಯಾವಾಗ ಬರ್ತಾರೆ?"

"ಅವಳು ಹೋಗ್ಬುಟ್ಳು ಕಣಮ್ಮ" ಅಂದೆ.

ಆಯಮ್ಮನಿಗೆ ಬೇಜಾರಾಯಿತು. "ಬೇರೆ ಮನೆಗಾ? ನನ್ನ ಮುಂದೆ ಅಷ್ಟು ಇಷ್ಟಪಟ್ರಲ್ಲ! ಯಾರಾದ್ರೂ ಬ್ರೋಕರ್ ಕರ್ಕೊಂಡು ಹೋದ್ನಾ?"

"ಇಲ್ಲಮ್ಮ" ಅಂದೆ. "ನೇರವಾಗೇ ಹೋದ್ಳು."