ವಾಮದೇವಪ್ಪ ಕಿಟಕಿ ಅಳೆದದ್ದು

ವಾಮದೇವಪ್ಪನ ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ಅದು ಮೊದಲು ಗೊತ್ತಾಗುತ್ತಿದ್ದುದು ವಾಮದೇವಪ್ಪನಿಗಲ್ಲ, ಪಕ್ಕದ ಮನೆಯ ಅಕ್ಕನಾಗಮ್ಮನಿಗೆ. ಎರಡೂ ಅಡುಗೆಮನೆಗಳ ಕಿಟಕಿಗಳ ನಡುವೆ ಇದ್ದದ್ದು ಎತ್ತಿನ ಗಾಡಿಯೂ ಹೋಗಲಾರದ ಒಂದು ಸಂದಿ. ಆಕೆ ಕೆಟ್ಟವಳೇನಲ್ಲ. ಕಂಡದ್ದನ್ನು ತಾನೊಬ್ಬಳೇ ಇಟ್ಟುಕೊಳ್ಳುವ ಸ್ವಭಾವದವಳಲ್ಲ, ಅಷ್ಟೆ. ಒಂದು ಮಧ್ಯಾಹ್ನ "ಮಂಗಳಮ್ಮಾ, ಉಪ್ಪು ಎರಡು ಸಲ ಹಾಕಿದ್ರಿ ನೋಡ್ರಿ!" ಎಂದು ಆಕೆ ಕೂಗಿದ್ದು ದಾವಣಗೆರೆಯ ಆ ಬೀದಿಗೆಲ್ಲ ಕೇಳಿತು. ಬೀದಿ ನಕ್ಕಿತು. ಸಂಜೆಗೆ ವಾಮದೇವಪ್ಪನ ಹೆಂಡತಿ ಸರ್ವಮಂಗಳಮ್ಮ ಟ್ರಂಕಿಗೆ ಸೀರೆ ತುಂಬಿಕೊಂಡು ಹರಿಹರದ ತವರಿಗೆ ಹೊರಟು ನಿಂತಳು.

"ಆ ಕಿಟಕಿಗೆ ಒಂದು ಬಿದಿರಿನ ಪರದೆ ಹಾಕಿಸ್ರಿ, ಬರ್ತೀನಿ. ಅಲ್ಲೀತನಕ ನೀವೇ ಬೇಯಿಸ್ಕೊಂಡು ಉಣ್ರಿ."

ಹನ್ನೆರಡು ದಿನ ತನ್ನ ಕೈಯಡುಗೆಯನ್ನೇ ಉಂಡು ವಾಮದೇವಪ್ಪ ಅರ್ಧವಾಗಿದ್ದ. ಊಟದ ಮಾತು ಹಾಗಿರಲಿ, ಸಂಜೆ ಬಾಗಿಲು ತೆಗೆದರೆ "ಬಂದ್ರಾ?" ಎನ್ನುವವರಿಲ್ಲದ ಮನೆ ಅವನಿಗೆ ಬೇಡವಾಗಿತ್ತು. ಅವನು ಪುರಸಭೆಯಲ್ಲಿ ಕಂದಾಯದ ಗುಮಾಸ್ತ. ಶನಿವಾರ ಆಫೀಸಿನ ಅಳತೆ ಟೇಪನ್ನು ಕೇಳಿ ತಂದಿಟ್ಟುಕೊಂಡ. ಭಾನುವಾರ ಬೆಳಿಗ್ಗೆ ಎದ್ದವನೇ ಮಣೆಯ ಮೇಲೆ ನಿಂತು ಅಡುಗೆಮನೆ ಕಿಟಕಿಯನ್ನು ಅಳೆದ.

ಹಳೆಯ ಚೌಕಟ್ಟು. ಮೇಲುಗಡೆ ಮೂರಡಿ, ಕೆಳಗಡೆ ಮೂರಡಿಗೆ ಒಂದಂಗುಲ ಕಮ್ಮಿ. ಹಾಗಾದರೆ ಮರ ಹೊರಗಿನಿಂದ ಹೇಗಿದೆಯೋ? ಸಂದಿಗೆ ಇಳಿದು ಅಲ್ಲಿಂದಲೂ ಟೇಪು ಹಿಡಿದ. ಬೆನ್ನ ಹಿಂದೆ ಅಕ್ಕನಾಗಮ್ಮನ ಕಿಟಕಿ ಕಿರ್ರೆಂದಿತು.

"ಏನ್ರೀ ವಾಮದೇವಪ್ಪನೋರೆ, ಏನು ಅಳೀತಿದೀರಿ?"

ನಿಮ್ಮ ಕಣ್ಣಿಗೆ ಅಡ್ಡ ಹಾಕುವುದಕ್ಕೆ ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವ ಗಂಡಸು ಅವನಲ್ಲ. "ಏನಿಲ್ರಿ, ಸುಮ್ನೆ" ಎಂದ.

"ಸುಮ್ನೆ ಯಾರಾದ್ರೂ ಕಿಟಕಿ ಅಳೀತಾರೇನ್ರಿ? ಅದೂ ಆಫೀಸಿನ ಟೇಪು ತಂದು?"

ಅಡುಗೆಮನೆಯದೊಂದನ್ನೇ ಅಳೆದರೆ ಗುಟ್ಟು ತಿಳಿದುಬಿಡುತ್ತದೆಂದು ಅವನಿಗೆ ದಿಗಿಲಾಯಿತು. ಬೀದಿಗೆ ಬಂದು ಪಡಸಾಲೆಯ ಕಿಟಕಿಯನ್ನೂ ಅಳೆದ. ಅಕ್ಕನಾಗಮ್ಮ ಅಷ್ಟರಲ್ಲಿ ಬೀದಿ ಬಾಗಿಲಿಗೆ ಬಂದಿದ್ದಳು. ಇನ್ನೇನು ಮಾಡುವುದೆಂದು ತೋಚದೆ, "ನಿಮ್ದೂ ಎಷ್ಟೈತಿ ನೋಡಾಣ" ಎಂದು ಆಕೆಯ ಕಿಟಕಿಗೂ ಟೇಪು ಹಿಡಿದು, ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡ. ಬುದ್ಧಿವಂತಿಕೆಯ ಕೆಲಸವೆಂದೇ ಅವನಿಗೆ ಅನ್ನಿಸಿತು.

ವಾಮದೇವಪ್ಪನ ಬಾಡಿಗೆ ಮನೆಯ ಮಾಲೀಕ ಕಲ್ಲೇಶಪ್ಪ ಪಕ್ಕದ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಅಷ್ಟಕ್ಕೇ ನಿಲ್ಲಿಸಿದ. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ.

"ಏನ್ ವಿಷಯ ರೀ? ನಮಗಾದ್ರೂ ಹೇಳ್ರಿ."

ವಾಮದೇವಪ್ಪ ಒಮ್ಮೆ ಅಕ್ಕನಾಗಮ್ಮನ ಕಡೆ ನೋಡಿದ. "ಅದನ್ನ ಈಗ ಬಾಯಿ ಬಿಟ್ಟು ಹೇಳಂಗಿಲ್ರಿ, ಯಜಮಾನ್ರೆ. ನಾಕು ದಿನ ಹೋದ್ರೆ ನಿಮಗೇ ಗೊತ್ತಾಕ್ಕೈತಿ" ಎಂದು ಛತ್ರಿ ಎತ್ತಿಕೊಂಡು ಹರಿಹರದ ಬಸ್ಸಿಗೆ ಓಡಿದ.

ಹರಿಹರದಲ್ಲಿ ಹೊಳೆಯ ದಾರಿಯ ಪಕ್ಕ ಬಿದಿರು ಸೀಳುತ್ತ ಕೂತಿದ್ದ ಪರದೆ ಹೆಣೆಯುವ ಕಾಟಪ್ಪ ತಲೆ ಎತ್ತದೆ ಕೇಳಿದ. "ಪರದೆ ಚೌಕಟ್ಟಿನ ಒಳಗ ಇಳೀಬೇಕಾ, ಹೊರಗಾ? ಒಳಗಾದ್ರೆ ಒಂದು ಬೆರಳು ಕಮ್ಮಿ ಮಾಡ್ಬೇಕು. ಹೊರಗಾದ್ರೆ ಎರಡೂ ಕಡೆ ನಾಕು ಬೆರಳು ಹೆಚ್ಚು. ಇಷ್ಟು ತಿಳೀದೆ ಬಂದೋರು ಮತ್ತೆ ಊರಿಗೆ ಹೋಗಿ ಅಳತಿ ತಗೊಂಡು ಬರ್ತಾರ."

ವಾಮದೇವಪ್ಪ ಪುಸ್ತಕ ತೆಗೆದು ಒಳಗಿನದು, ಹೊರಗಿನದು, ಮೇಲಿನದು, ಕೆಳಗಿನದು ಎಲ್ಲ ಓದಿದ. ಕಾಟಪ್ಪ ಕತ್ತಿ ಕೆಳಗಿಟ್ಟು ಅವನನ್ನು ನೋಡಿದ.

"ಗಂಡಸರು ಇಷ್ಟು ಚೊಕ್ಕ ಅಳತಿ ತಂದಿದ್ದು ಇದೇ ಮೊದಲು ನೋಡ್ರಿ."

ಜೀವನದಲ್ಲಿ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದೆನೆಂದು ವಾಮದೇವಪ್ಪ ಉಬ್ಬಿದ. ಹೆಣೆದಿಟ್ಟಿದ್ದ ಪರದೆಯೊಂದನ್ನು ಕಾಟಪ್ಪ ಅಳತೆಗೆ ಕತ್ತರಿಸಿ ಅಂಚು ಕಟ್ಟಿಕೊಡುವ ಹೊತ್ತಿಗೆ ಮಧ್ಯಾಹ್ನವಾಯಿತು. ಅದನ್ನು ಹೆಗಲ ಮೇಲೆ ಹೊತ್ತು ಮಾವನ ಮನೆಗೆ ಹೋದ. ಸರ್ವಮಂಗಳಮ್ಮ ಬರೀ ಮಾತಿಗೆ ಒಪ್ಪುವವಳಲ್ಲ. ಪರದೆಯನ್ನು ಬಾಗಿಲಿಗೆ ಇಳಿಬಿಟ್ಟು, ಗಂಡನನ್ನು ಒಳಗೆ ನಿಲ್ಲಿಸಿ, ತಾನು ಅಂಗಳದಿಂದ ನೋಡಿದಳು.

"ಕಾಣ್ತೀನೇನೇ?" ಎಂದು ಅವನು ಒಳಗಿನಿಂದ ಕೇಳಿದ.

"ಇಲ್ಲ. ಏನ್ ಮಾಡ್ತಿದೀರಿ?"

"ನಗ್ತಿದೀನಿ."

ಅವಳಿಗೂ ನಗು ಬಂತು. ಸೀರೆಗಳು ಟ್ರಂಕಿಗೆ ಸೇರಿದವು.

ಬಸ್ಸಿನಲ್ಲಿ ಒಬ್ಬೊಬ್ಬರೂ ಅದೇನು, ಯಾತಕ್ಕೆ, ಎಷ್ಟು ಅಗಲ ಎಂದು ಕೇಳಿ ಪರದೆಯನ್ನು ಎರಡು ಸಲ ಬಿಚ್ಚಿಸಿದರು. ವಾಮದೇವಪ್ಪ ಬೇಸರಿಸದೆ ಹೇಳಿದ. ಹೆಂಡತಿ ಪಕ್ಕದಲ್ಲಿ ಕೂತಿದ್ದಳು, ಇನ್ನೇನು ಬೇಕು?

ಊರಿಗೆ ಬಂದಾಗ ನಾಲ್ಕು ಗಂಟೆ. ಬೀದಿಯ ತುಂಬ ಕಲಸಿದ ಮಣ್ಣಿನ ಗುಡ್ಡೆಗಳು. ಪರದೆಯನ್ನು ಈಗಲೇ ಕಟ್ಟಿಬಿಡೋಣವೆಂದು ಸಂದಿಗೆ ತಿರುಗಿದ ವಾಮದೇವಪ್ಪ ನಿಂತಲ್ಲೇ ನಿಂತ. ಕಿಟಕಿ ಇರಲಿಲ್ಲ. ಕಿಟಕಿ ಇದ್ದ ಜಾಗದಲ್ಲಿ ಇಟ್ಟಿಗೆಯ ಗೋಡೆ, ಮೆತ್ತಿದ ಮಣ್ಣು ಇನ್ನೂ ಹಸಿ. ಪಡಸಾಲೆಯದೂ ಇಲ್ಲ. ಬೀದಿಯಲ್ಲಿ ಯಾರ ಮನೆಗೂ ಇಲ್ಲ.

ಕಲ್ಲೇಶಪ್ಪ ಮಣ್ಣಿನ ಕೈ ಒರೆಸಿಕೊಳ್ಳುತ್ತ ಬಂದ.

"ನೀವು ಸುಳಿವು ಕೊಟ್ಟಿದ್ದು ಚಲೋ ಆತು. ಆಣೆ ಹೋಗಿ ನಯಾ ಪೈಸೆ ಬಂತು, ಸೇರು ಹೋಗಿ ಕಿಲೋ ಬಂತು. ಇನ್ನ ಕಿಟಕಿಗೆ ಕಂದಾಯ ಬರಾದೇನು ದೊಡ್ಡದು? ಕಂದಾಯದ ಗುಮಾಸ್ತರೇ ಭಾನುವಾರ ಬಿಡದೆ ಅಳೀತಾರಂದ್ರೆ ಸುಮ್ನೆ ಅಲ್ಲ ಅಂತ ಎಲ್ಲರಿಗೂ ಹೇಳಿದೆ. ಗೋಡೆ ಕಟ್ಟೋ ಗೌಂಡಿ ಸಿಗಾದು ತಡ ಆತು ನೋಡ್ರಿ."

"ಅಯ್ಯೋ, ಅಂಥ ಕಂದಾಯ ಇಲ್ರೀ! ನಾನು ಅಳೆದಿದ್ದು ಈ ಪರದೆಗೆ!"

ಕಲ್ಲೇಶಪ್ಪ ಕಣ್ಣು ಮಿಟುಕಿಸಿದ. "ಈಗ ಇಲ್ಲ ಅಂತೀರಿ. ನಾವು ಮತ್ತೆ ಒಡೆದು ತೆಗದ್ರೆ ನಾಳೆ ಬರ್ಕೊಂಡು ಹೋಗಾಕ. ನಾವೇನು ಕೂಸುಗಳಾ ರೀ? ನನ್ ಮನೆ ಗೋಡೆ ಮುಟ್ಟಬ್ಯಾಡ್ರಿ."

ಒಳಗೆ ಸರ್ವಮಂಗಳಮ್ಮ ಚಹಾ ಮಾಡಲು ಒಲೆ ಹಚ್ಚಿದ್ದಳು. ಹೊಗೆಗೆ ಹೋಗಲು ದಾರಿಯಿಲ್ಲದೆ ಅದು ಅಡುಗೆಮನೆಯನ್ನೆಲ್ಲ ತುಂಬಿತು. ಕೆಮ್ಮುತ್ತ ಹೊರಗೆ ಬಂದವಳು ಇನ್ನೂ ಬಿಚ್ಚದಿದ್ದ ಟ್ರಂಕನ್ನು ಎತ್ತಿಕೊಂಡಳು.

"ಪರದೆ ಹಾಕಿಸ್ರಿ ಅಂದಿದ್ದೆ, ಗೋಡೆ ಕಟ್ಟಿಸ್ರಿ ಅಂದಿರಲಿಲ್ಲ. ಐದೂವರೆ ಬಸ್ಸು ಸಿಕ್ಕೇ ಸಿಗ್ತತಿ."

ಅವನು ಬಸ್ ಸ್ಟ್ಯಾಂಡಿನವರೆಗೂ ಬೇಡಿಕೊಳ್ಳುತ್ತ ಹೋದ. ವಾಪಸು ಒಬ್ಬನೇ ಬಂದ. ಅಡುಗೆಮನೆಯ ಕತ್ತಲಲ್ಲಿ ಯಾರೋ ಮಣೆ ಹಾಕಿಕೊಂಡು ಕೂತಿದ್ದರು.

"ನಾನೇ ರೀ, ಗಾಬರಿ ಆಗಬ್ಯಾಡ್ರಿ" ಎಂದಳು ಅಕ್ಕನಾಗಮ್ಮ, ಹೊಗೆಗೆ ನೀರೂರಿದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತ. "ನಮ್ ಕಿಟಕೀನೂ ಮುಚ್ಚಿಸಿದ್ವಿ. ಇನ್ನ ಅಲ್ಲಿಂದ ಏನೂ ಕಾಣಂಗಿಲ್ಲ. ಅದಕ್ಕ ದಿನಾ ಇಲ್ಲೇ ಬಂದು ಕೂಡ್ತೀನಿ. ಹೂಂ, ಇವತ್ತು ಏನ್ ಅಡಿಗಿ?"