ಷಡ್ಡಕನ ಸಾಮ್ರಾಜ್ಯ ಮತ್ತು ಮಾವನವರ ಸ್ಕೂಟರ್

ನನ್ನ ಷಡ್ಡಕ ಚಕ್ರವರ್ತಿ. ಸುಳ್ಳಲ್ಲ. ಗಡಹಿಂಗ್ಲಜದಲ್ಲಿ ಅವನದೊಂದು ಗೊಬ್ಬರದ ಅಂಗಡಿ ಇದೆಯಲ್ಲ, ಅದು ಹೊಟ್ಟೆಪಾಡಿಗೆ. ಉಳಿದ ಹೊತ್ತೆಲ್ಲ ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ಕಾಲದ ರಾಜ್ಯಗಳನ್ನು ಆಳುತ್ತಾನೆ. ನನ್ನ ಹೆಂಡತಿಯ ತಂಗಿಯ ಗಂಡ, ನನಗಿಂತ ಎಂಟು ವರ್ಷ ಚಿಕ್ಕವನು. ಇಚಲಕರಂಜಿಯಲ್ಲಿ ಹನ್ನೆರಡು ಮಗ್ಗಗಳ ಮಾಲಕನಾದ ನನಗೆ ಇಂಥವನನ್ನು ಕಂಡರೆ ಹೊಟ್ಟೆಕಿಚ್ಚೇ? ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವುದೇನು ಬಂತು!

ಅವನ ಆಟದಲ್ಲಿ ಯುದ್ಧ ಕಡಿಮೆ, ಕಾಯಿದೆ ಜಾಸ್ತಿ. ರಾಜನಾದವನು ತೆರಿಗೆಯನ್ನೋ ಸೈನ್ಯದ ನಿಯಮವನ್ನೋ ಬದಲಿಸಿದ ಕೂಡಲೇ ನಕ್ಷೆಯ ಪ್ರಾಂತ್ಯಗಳ ಮೇಲೆ ದಂಗೆಯ ಅಪಾಯ ತೋರಿಸುವ ಕೆಂಪು ಅಂಕಿ ಏರುತ್ತದೆ. ಅದು ಇಳಿಯುವ ತನಕ ಮುಂದಿನ ಕಾಯಿದೆಗೆ ಕೈ ಹಾಕಬಾರದು. ಅವಸರ ಮಾಡಿದರೆ ರಾಜ್ಯ ಹೋಯಿತು. ಆದ್ದರಿಂದ ಷಡ್ಡಕ ಒಂದು ಕಾಯಿದೆ ಮಾಡಿ, ಆ ಅಂಕಿಯನ್ನೇ ನೋಡುತ್ತ ಕೂತುಬಿಡುತ್ತಾನೆ. ಗಿರಾಕಿ ಬಂದು ಯೂರಿಯಾ ಕೇಳಿದರೆ, "ತಡೀರಿ ಕಾಕಾ, ಉತ್ತರದಾಗ ಸ್ವಲ್ಪ ಗದ್ದಲ ನಡದೈತಿ" ಎನ್ನುತ್ತಾನೆ. ಆ ಕಾಕಾ ಗಾಬರಿಯಾಗಿ "ದಿಲ್ಲಿಯಾಗೇನ್ರಿ?" ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಈ ವಿದ್ಯೆಯನ್ನು ಅವನು ಮನೆಗೂ ತಂದ. ಊರಿಗೊಂದು ಸಕ್ಕರೆ ಕಾರ್ಖಾನೆ ಇರುವ ನಮ್ಮ ಸೀಮೆಯಲ್ಲಿ ಚಹಾ ಎಂದರೆ ಪಾಕ. ಅವನು ಹದಿನೈದು ದಿನಕ್ಕೊಮ್ಮೆ ಚಿಟಿಕೆ ಚಿಟಿಕೆ ಸಕ್ಕರೆ ಇಳಿಸುತ್ತ, ಆರು ತಿಂಗಳಲ್ಲಿ ಇಡೀ ಮನೆಯನ್ನು ಸಪ್ಪೆ ಚಹಾಕ್ಕೆ ಒಗ್ಗಿಸಿದ. ಯಾರೂ ಚಕಾರ ಎತ್ತಲಿಲ್ಲ.

"ನೋಡ್ರಿ, ನಮ್ಮ ತಂಗಿ ಗಂಡ ಎಷ್ಟ ಶಾಣ್ಯಾ ಅದಾನ" ಎಂದಳು ನನ್ನ ಹೆಂಡತಿ. ನಾನೇನು ಕಡಿಮೆ? ಮರುದಿನ ಬೆಳಿಗ್ಗೆಯೇ ನಮ್ಮ ಮನೆಯಲ್ಲಿ ಸಕ್ಕರೆ ಬಂದ್, ಭಜಿ ಬಂದ್, ಊಟದ ಹೊತ್ತಿನ ಟಿವಿ ಬಂದ್ ಎಂದು ಒಂದೇ ಉಸಿರಿನಲ್ಲಿ ಸಾರಿದೆ. ಸಂಜೆಯ ಹೊತ್ತಿಗೆ ನನ್ನ ಚಹಾ ಬಂದ್ ಆಗಿತ್ತು.

ಇದೆಲ್ಲ ನಗೆಯ ಮಾತು. ಮಾವನವರ ಸ್ಕೂಟರಿನ ವಿಷಯ ಹಾಗಲ್ಲ. ಅತ್ತೆ ಹೋದ ಮೇಲೆ ಮಾವ ಮೂರು ವರ್ಷ ನಮ್ಮಲ್ಲೇ ಇದ್ದರು. ಕಣ್ಣು ಮಂಜಾಗಿತ್ತು, ಆದರೂ ಸ್ಕೂಟರ್ ಬಿಡುತ್ತಿರಲಿಲ್ಲ. ಒಂದು ದಿನ ನೇರ ಪೇರಲಹಣ್ಣಿನ ಗಾಡಿಗೇ ಗುದ್ದಿದರು. ಪುಣ್ಯಕ್ಕೆ ಹಣ್ಣಿಗಷ್ಟೇ ಪೆಟ್ಟಾಯಿತು. ನಾನು ಎಲ್ಲರೆದುರು ಕೀಲಿ ಕಸಿದುಕೊಂಡು, "ಇನ್ನ ಮ್ಯಾಲ ಗಾಡಿ ಮುಟ್ಟಬ್ಯಾಡ್ರಿ" ಎಂದೆ. ಮಾವ ಚೀಲ ತುಂಬಿಕೊಂಡು ಎಸ್‌ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ, ಚಿಕ್ಕ ಮಗಳ ಮನೆಗೆ, ಹೋಗಿಬಿಟ್ಟರು. ನಾಲ್ಕು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಹೆಂಡತಿ ಅಪ್ಪ ಕೂರುತ್ತಿದ್ದ ಕುರ್ಚಿಯನ್ನು ದಿನಾ ಒರೆಸುತ್ತಿದ್ದಳು.

ಷಡ್ಡಕ ಮರುದಿನವೇ ಟೆಂಪೊ ತಂದು ಸ್ಕೂಟರನ್ನೂ ಒಯ್ದ. "ಕಣ್ಣ ಕಾಣದವರ ಕೈಯಾಗ ಗಾಡಿ ಕೊಡ್ತೀಯೇನೋ?" ಎಂದೆ. "ಮೊದಲ ಸಿಟ್ಟ ಇಳೀಲ್ರಿ ಅಣ್ಣಾರ" ಎಂದ. ಮೊದಲ ತಿಂಗಳು ತಾನೇ ಹಿಂದೆ ಕೂತು ಮಾವನವರಿಂದ ಓಣಿಯೊಳಗಷ್ಟೇ ಓಡಿಸಿದನಂತೆ. ಆಮೇಲೆ ಸಂಜೆ ಸವಾರಿ ನಿಂತಿತು. ಇನ್ನೊಂದು ತಿಂಗಳಿಗೆ ಮಾವ ಹಿಂದೆ, ಅವನು ಮುಂದೆ. ಈ ವರದಿಯೆಲ್ಲ ಹೆಂಡತಿಯ ಬಾಯಿಂದ ನನಗೆ ಬರುತ್ತಿತ್ತು. ಅಲ್ಲೊಂದು ಸಣ್ಣ ದಂಗೆಯಾದರೂ ಏಳಲಿ ದೇವರೇ ಎಂದು ನಾನು ಬೇಡಿಕೊಂಡಿದ್ದೂ ಉಂಟು.

ಕಡೆಗೆ ಒಂದು ರವಿವಾರ ಧೈರ್ಯ ಮಾಡಿ ಹೋದೆ. ಬಾಗಿಲಲ್ಲೇ ಮಾವ ನನ್ನ ಕೈ ಹಿಡಿದುಕೊಂಡರು.

"ಬರ್ರಿ, ಬರ್ರಿ. ನೀವು ಕಳಿಸಿದ ಆಜರಾ ಅಕ್ಕಿ ಭಾಳ ಘಮ್ ಅಂತೈತ್ರಿ. ರೇಡಿಯೋನೂ ಚಲೋ ಐತಿ. ಕಣ್ಣಿನ ಡಾಕ್ಟರ್ ಕಡೆ ನಂಬರ್ ಹಚ್ಚಿದವರೂ ನೀವಂತಲ್ಲ? ನಾನ ಸುಳ್ಳ ಸಿಟ್ಟ ಮಾಡಕೊಂಡಿದ್ದೆ."

ನಾನು ಒಂದು ಕಾಳು ಅಕ್ಕಿಯನ್ನೂ ಕಳಿಸಿರಲಿಲ್ಲ. ಷಡ್ಡಕನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಕೇಳಿದೆ.

"ಕಾಯಿದೆ ಮಾಡಿದ ಮ್ಯಾಲ ಜನಕ್ಕ ಏನರ ಕೊಡಬೇಕಾಗತೈತ್ರಿ, ಇಲ್ಲಂದ್ರ ಅಂಕಿ ಇಳಿಯೂದಿಲ್ಲ" ಎಂದ. "ಕಾಯಿದೆ ನನ್ನ ಹೆಸರಲೆ ಮಾಡೀನಿ. ಕೊಟ್ಟಿದ್ದು ನಿಮ್ಮ ಹೆಸರಲೆ."

"ಯಾಕೋ ಹಂಗ?"

"ನಾನು ದಿನಾ ಕಣ್ಣ ಮುಂದ ಇರಾಂವ. ಮುಂಜಾನೆ ಬೈದ್ರ ಸಂಜಿಕ ಮರೀತಾರ. ನೀವು ದೂರ ಅದೀರಿ, ಅಣ್ಣಾರ. ದೂರದವರ ಮ್ಯಾಲಿನ ಸಿಟ್ಟು ಲಗೂನ ಇಳಿಯೂದಿಲ್ರಿ."

ಊಟಕ್ಕೆ ಕೂತೆವು. ಮಾವ ಶುರು ಮಾಡಿದರು: "ನೋಡ್ರಿ ಇಂವನ್ನ, ನನ್ನ ಗಾಡಿ ಕಸಗೊಂಡಾಂವ. ಇಡೀ ದಿನ ಕಂಪ್ಯೂಟರ್ ಮುಂದ ಕುಂದರತಾನ, ಹೊತ್ತಿಗೆ ಸರಿಯಾಗಿ ಉಣ್ಣೂದಿಲ್ಲ. ಹೆಂಗ ಒಣಗ್ಯಾನ ನೋಡ್ರಿ. ತಲಿ ಯಾಕ ಬಗ್ಗಸ್ತೀಯೋ ಮಳ್ಳ? ತಿನ್ನು." ಬೈಯುತ್ತಲೇ ತಮ್ಮ ತಟ್ಟೆಯ ರೊಟ್ಟಿ ಮುರಿದು ಅವನ ತಟ್ಟೆಗೆ ಹಾಕಿದರು. ನನ್ನತ್ತ ತಿರುಗಿ, "ನಿಮಗ ಪಲ್ಯಾ ಹಾಕಿಸಲೇನ್ರಿ?" ಎಂದು ಮರ್ಯಾದೆಯಿಂದ ಕೇಳಿದರು.

ಮೂರು ವರ್ಷ ನಮ್ಮ ಮನೆಯಲ್ಲಿದ್ದರು. ಒಂದು ದಿನವೂ ನನ್ನನ್ನು ಹಾಗೆ, ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಬೈದ ಹಾಗೆ, ಬೈದಿರಲಿಲ್ಲ. ಆಗ ನನಗಾದ ಹೊಟ್ಟೆಕಿಚ್ಚಿನ ಮುಂದೆ ಅಲ್ಲಿಯವರೆಗಿನದೆಲ್ಲ ಏನೂ ಅಲ್ಲ.

"ಅಕ್ಕಿ ಕಳಿಸಿದಾಂವ ನಾನಲ್ರಿ ಮಾವಾರ" ಎಂದೆ. "ಎಲ್ಲಾ ಇಂವಂದ. ಗಾಡಿ ಬಿಡಸಬೇಕಂತ ಮೊದಲ ಹೊಂಟಾಂವ ನಾನು. ನನಗೂ ಒಂದೀಟ ಬೈರಿ."