ನಿಲ್ಲಿಸದೆ ಓಡಿಸಬೇಕಾಗಿದ್ದ ಕಾರು

ಸೋಂಪುರದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದವನು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹೀಗಾಗಿ ನನ್ನ ಹಳೆಯ ಡೀಸೆಲ್ ಕಾರಿನ ಮೀಟರಿನಲ್ಲಿ ಒಂದು ದಿನ ಹಳದಿ ದೀಪ ಹತ್ತಿಕೊಂಡಾಗ ಗಾಬರಿಯಾಗಲಿಲ್ಲ. ಡಬ್ಬಿಯೊಳಗೆ ಚುಕ್ಕಿ ಇಟ್ಟಂಥ ಚಿತ್ರ. ಮೆಕ್ಯಾನಿಕ್‌ಗೆ ತೋರಿಸಿ ಎಂದಳು ಹೆಂಡತಿ ಸವಿತಾ. ಕಾರಿನಲ್ಲಿ ದೋಷವಿಲ್ಲ, ದೋಷವಿರುವುದು ದೀಪದಲ್ಲಿ ಎಂದು ನಾನು ತೀರ್ಪು ಕೊಟ್ಟೆ.

ಆಮೇಲೆ ಕಾರು ಎಳೆಯುವುದನ್ನು ಕಡಿಮೆ ಮಾಡಿತು. ಮೇಲ್ಸೇತುವೆ ಹತ್ತುವಾಗ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು! ನಾನು ತನಿಖೆಗೆ ಇಳಿದೆ. ಸೈಲೆನ್ಸರ್ ಒಳಗೆ ಬೆರಳಾಡಿಸಿ ನೋಡಿದರೆ ಒಂದು ಚೂರು ಮಸಿಯಿಲ್ಲ. ಇಷ್ಟು ಶುದ್ಧ ಹೊಗೆ ಬಿಡುವ ಗಾಡಿ ಜಿಲ್ಲೆಯಲ್ಲೇ ಇಲ್ಲ ಎಂದು ಸವಿತಾಳಿಗೆ ಬೆರಳು ತೋರಿಸಿದೆ. ಆ ಮಸಿ ಹಾಗಾದರೆ ಎಲ್ಲಿ ಹೋಯಿತು ಎಂದು ಅವಳು ಕೇಳಿದಳು. ಹೆಂಗಸರಿಗೆ ಎಂಜಿನ್ ವಿಷಯ ತಿಳಿಯುವುದಿಲ್ಲ ಎಂದುಕೊಂಡೆ. ಎಂಜಿನ್ ಆಯಿಲ್ ಅಳತೆ ನೋಡಿದೆ. ಹೆಚ್ಚಾಗಿತ್ತು! ಎಲ್ಲರ ಕಾರೂ ಆಯಿಲ್ ಕುಡಿದರೆ ನನ್ನದು ಕರೆಯುವ ಹಸುವಿನಂತೆ ಕೊಡುತ್ತಿತ್ತು. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಅಷ್ಟರಲ್ಲಿ ಹೊಸಕೋಟೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ನನ್ನ ಸೋದರತ್ತೆ ತೀರಿಕೊಂಡಳು. ಅಪ್ಪನಿಗೆ ಒಬ್ಬಳೇ ಅಕ್ಕ. ತಾಯಿಯಿಲ್ಲದ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಮ್ಮ ಕಡೆ ಹೆಣ್ಣುಮಗಳ ಹನ್ನೊಂದನೇ ದಿನದ ತಿಥಿಯಲ್ಲಿ ಎಡೆಯ ಮುಂದೆ ತವರಿನ ಸೀರೆ ಇಡಬೇಕು. ಒಡಹುಟ್ಟಿದವನು ಇದ್ದರೆ ಅವನೇ ಇಡಬೇಕು. ಅಪ್ಪ ದೊಡ್ಡಬಳ್ಳಾಪುರಕ್ಕೆ ಹೋಗಿ ಅರ್ಧ ದಿನ ಅಂಗಡಿ ಅಂಗಡಿ ಸುತ್ತಿ ಒಂದು ಸೀರೆ ತಂದಿಟ್ಟುಕೊಂಡ.

ಕೊನೆಗೂ ನಾನು ಕಾರನ್ನು ದಾಬಸ್‌ಪೇಟೆಯ ಮೆಕ್ಯಾನಿಕ್ ಬಾಷಾ ಹತ್ತಿರ ಒಯ್ದೆ. ಅವನು ಯಂತ್ರ ಸಿಕ್ಕಿಸಿ ನೋಡಿ, ಡಾಕ್ಟರು ರೋಗಿಯ ಕಡೆಯವರನ್ನು ನೋಡುವಂತೆ ನನ್ನನ್ನು ನೋಡಿದ. ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆಯಂತೆ. ಗಾಡಿ ದೂರ ಓಡಿ ಕಾದರೆ ಆ ಮಸಿ ತಾನೇ ಸುಟ್ಟುಹೋಗುತ್ತದಂತೆ. ನಾನು ದಿನಾ ಮನೆಯಿಂದ ಕಾರ್ಖಾನೆಗೆ ನಾಲ್ಕೇ ಕಿಲೋಮೀಟರ್ ಓಡಿಸಿ, ಕಾಯುವ ಮೊದಲೇ ಆಫ್ ಮಾಡುತ್ತಿದ್ದೆ. ಮಸಿ ಸುಡಲೆಂದು ಎಂಜಿನ್ ತಾನೇ ಹೆಚ್ಚಿಗೆ ಸುರಿದ ಡೀಸೆಲ್, ಸುಡದೆ ಆಯಿಲ್‌ಗೆ ಸೇರಿತ್ತು. ನನ್ನ ಹಸು ಕರೆದದ್ದು ಅದನ್ನೇ.

ಆಯಿಲ್ ಬದಲಿಸಿಕೊಟ್ಟು ಬಾಷಾ ಹೇಳಿದ: "ಅಣ್ಣ, ಹೈವೇಲಿ ಮುಕ್ಕಾಲು ಗಂಟೆ ನಿಲ್ಲಿಸ್ದೆ ಓಡ್ಸಿ. ಫ್ಯಾನ್ ಜೋರಾಗಿ ತಿರುಗ್ತದೆ, ಸುಟ್ಟ ವಾಸ್ನೆ ಬರ್ತದೆ, ಹೆದರ್ಬೇಡಿ. ಮಧ್ಯದಲ್ಲಿ ಆಫ್ ಮಾತ್ರ ಮಾಡ್ಬೇಡಿ. ಇವತ್ತೇ ಓಡ್ಸಿ."

ಇವತ್ತೇ ಯಾಕೆ? ನಾಳಿದ್ದು ತಿಥಿಗೆ ಹೊಸಕೋಟೆಯವರೆಗೆ ಹೋಗುವುದೇ ಇದೆ. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು. ಸುಮ್ಮನೆ ಡೀಸೆಲ್ ಸುಡುವುದೇಕೆ ಎಂದು ಮನೆಗೆ ಬಂದೆ. ಜಾಣತನಕ್ಕೂ ಒಂದು ಮಿತಿ ಇರಬೇಕಿತ್ತು.

ತಿಥಿಯ ದಿನ ಎಂಟಕ್ಕೆ ಹೊರಟೆವು. ಹನ್ನೆರಡರೊಳಗೆ ಎಡೆ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಸೀರೆಯ ಚೀಲ ಇಟ್ಟುಕೊಂಡು ಅಪ್ಪ, ಹಿಂದೆ ಸವಿತಾ. ದೊಡ್ಡಬಳ್ಳಾಪುರದ ರಸ್ತೆಗೆ ಬಿದ್ದು ಸ್ವಲ್ಪ ಹೊತ್ತಿಗೆ ಫ್ಯಾನ್ ಮೊರೆಯಿತು. ಸುಟ್ಟ ವಾಸನೆಯೂ ಬಂತು. ಆಹಾ, ಮಸಿ ಉರಿಯುತ್ತಿದೆ! ಆಗಲೇ ಬಸ್ ಸ್ಟಾಪಿನಲ್ಲಿ ನಮ್ಮೂರ ರಂಗಜ್ಜಿ ಕಂಡಳು. ನಿಲ್ಲಿಸಪ್ಪ ಎಂದ ಅಪ್ಪ.

ನಮ್ಮ ಕಡೆ ಕಾರು ಇಟ್ಟವನು, ಬಸ್ಸಿಗೆ ನಿಂತ ಊರವರನ್ನು ದಾಟಿಕೊಂಡು ಹೋಗುವ ಹಾಗಿಲ್ಲ. ಹೋದರೆ ಸಂಜೆಯೊಳಗೆ, ಇವನಿಗೆ ಕಣ್ಣು ನೆತ್ತಿಗೇರಿದೆ ಎಂದು ಊರೆಲ್ಲ ಆಡುತ್ತದೆ. ನಿಲ್ಲಿಸಿದೆ. ನಿಂತ ಗಾಡಿಯನ್ನು ಆಫ್ ಮಾಡುವುದು ನನ್ನ ಕೈಯ ಅಭ್ಯಾಸ. ಕೈ ಅದನ್ನೂ ಮಾಡಿತು. ಅಜ್ಜಿ ಹೊರಟಿದ್ದು ದೊಡ್ಡಬಳ್ಳಾಪುರದ ಆಸ್ಪತ್ರೆಗೆ. ಅಲ್ಲಿ ಬಾಗಿಲವರೆಗೂ ಬಿಟ್ಟು, ಅವಳು ಮೆಟ್ಟಿಲು ಹತ್ತುವ ತನಕ ಮತ್ತೆ ಆಫ್ ಮಾಡಿ ಕಾದೆವು.

ದೇವನಹಳ್ಳಿ ರಸ್ತೆಯಲ್ಲಿ ಫ್ಯಾನ್ ಮತ್ತೆ ಮೊರೆಯುವಾಗ ಅಪ್ಪನ ದಾಯಾದಿ ಚಿಕ್ಕಣ್ಣ ಕೈ ಅಡ್ಡ ಹಾಕಿದ. ಅವನೂ ತಿಥಿಗೇ ಹೊರಟವನು. ನಿಲ್ಲಿಸದೆ ಇರಲಾದೀತೆ? ಈ ಸಲ ಆಫ್ ಮಾಡಲಿಲ್ಲ. ಆದರೆ ದೇವನಹಳ್ಳಿ ದಾಟಿದ ಮೇಲೆ ಮೂಗು ಅರಳಿಸಿದ ಚಿಕ್ಕಣ್ಣ, ಗಾಡಿಗೆ ಬೆಂಕಿ ಬಿದ್ದಿದೆ ಎಂದು ಕೂಗಿ, ಓಡುವ ಕಾರಿನ ಬಾಗಿಲು ತೆಗೆದ. ಬಾಷಾ ಹೇಳಿದ್ದೆಲ್ಲ ಗೊತ್ತಿದ್ದ ನಾನು ಏನು ಮಾಡಿದೆ? ಬ್ರೇಕ್ ಒತ್ತಿ, ಎಂಜಿನ್ ಆಫ್ ಮಾಡಿ, ಎಲ್ಲರಿಗಿಂತ ಮೊದಲು ಇಳಿದು ಓಡಿದೆ.

ಬೆಂಕಿ ಇರಲಿಲ್ಲ. ಗಾಡಿ ಆರಲಿ ಎಂದು ಚಿಕ್ಕಣ್ಣ ಒಂದು ಗಂಟೆ ಕಾಯಿಸಿದ. ಮತ್ತೆ ಶುರು ಮಾಡಿದರೆ ಮೀಟರಿನಲ್ಲಿ ಇದ್ದಬದ್ದ ದೀಪಗಳೆಲ್ಲ ಹತ್ತಿಕೊಂಡವು. ಎಷ್ಟು ತುಳಿದರೂ ಕಾರು ಎತ್ತಿನ ಗಾಡಿಯ ವೇಗ ಬಿಡಲಿಲ್ಲ. ಹಿಂದಿನಿಂದ ಹೊಸಕೋಟೆ ಬಸ್ಸು ಬರುತ್ತಿರುವುದನ್ನು ಅಪ್ಪ ಕನ್ನಡಿಯಲ್ಲಿ ನೋಡಿದ.

"ನನ್ನ ಬಸ್ ಹತ್ತಿಸ್ಬಿಡು ಮಗ. ಹೊತ್ತಾಗ್ತೈತೆ."

"ಮನೇಲಿ ಕಾರಿಟ್ಕೊಂಡು ತಿಥಿಗೆ ಬಸ್ಸಲ್ಲಿ ಹೋಗ್ತಾರೇನಪ್ಪ? ಇನ್ನೇನು ಬಂದೇ ಬಿಡ್ತು."

ಅಪ್ಪ ಸೀರೆಯ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡ. ಕಾರಿನಿಂದ ಇಳಿದು ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡವನು ಚಿಕ್ಕಣ್ಣ. ಆಮೇಲೆ ಇನ್ನೊಂದು ಬಸ್ಸೂ ನಮ್ಮನ್ನು ದಾಟಿತು. ಅದು ಕಣ್ಮರೆಯಾಗುವ ತನಕ ಸವಿತಾ ನನ್ನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಳು. ಅದು ನನಗೆ ತಿರುಗದೆಯೇ ಗೊತ್ತಾಗುತ್ತಿತ್ತು.

ತಲುಪಿದಾಗ ಒಂದೂವರೆ. ಎರಡನೇ ಪಂಕ್ತಿ ಎದ್ದಿತ್ತು. ಬರುತ್ತಿದ್ದಾರೆ ಎಂದು ಚಿಕ್ಕಣ್ಣ ಹೇಳಿದ್ದರಿಂದ ಹನ್ನೆರಡು ದಾಟಿದ ಮೇಲೂ ಕಾದಿದ್ದರಂತೆ. ತವರಿನ ಸೀರೆ ಇಲ್ಲದೆ ಎಡೆ ಎತ್ತಬಾರದೆಂದು ಕೊನೆಗೆ ಪಕ್ಕದ ಮನೆಯವರು ತಮ್ಮ ಬೀರುವಿನಿಂದ ಒಂದು ಹೊಸ ಸೀರೆ ತಂದು ಇಟ್ಟಿದ್ದರು. ಫೋಟೋ ಮುಂದೆ ಅದು ಇನ್ನೂ ಇತ್ತು. ಅಪ್ಪ ಚೀಲವನ್ನು ಎದೆಗೆ ಅವಚಿಕೊಂಡು ಅದನ್ನೇ ನೋಡುತ್ತ ನಿಂತ.

"ಬಣ್ಣ ಚೆನ್ನಾಗೈತೆ," ಎಂದ. ತನ್ನ ಸೀರೆಯನ್ನು ಅದರ ಪಕ್ಕದಲ್ಲಿಟ್ಟು, ಗೋಡೆಗೆ ಒರಗಿ ಕೂತುಬಿಟ್ಟ.

ಯಾಕೆ ಇಷ್ಟು ತಡ ಎಂದು ಅತ್ತೆಯ ಮಗ ಕೇಳಿದ. ಬೋಳಿಸಿದ ತಲೆ, ಅತ್ತು ಕೆಂಪಾದ ಕಣ್ಣು. ಅವನಿಗೆ ನಾನು ಹೊಗೆಯ ದಾರಿಯಲ್ಲಿರುವ ಫಿಲ್ಟರ್, ಅದರಲ್ಲಿ ಸೇರುವ ಮಸಿ, ಅದು ಸುಡಲು ಬೇಕಾದ ಕಾವು, ಎಲ್ಲವನ್ನೂ ಬೆರಳು ಮಡಚಿ ವಿವರಿಸತೊಡಗಿದೆ. ಸುತ್ತ ಇದ್ದವರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

ಅಪ್ಪ ಕೂತಲ್ಲಿಂದಲೇ ಹೇಳಿದ: "ಅವನಿಗೊಂದು ಎಲೆ ಹಾಕ್ರಪ್ಪ. ಬೆಳಗಿಂದ ಕಷ್ಟ ಬಿದ್ದವ್ನೆ, ಹಸಿದಿರ್ತಾನೆ."

ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಹಸಿದಿದ್ದೆ. ಮೂರನೇ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಕೂತವನು ನಾನೇ.